ಅಲ್ಮಾಜಕ್ಕನ ಕೈತುತ್ತು

ಗುರುವಾರ ಸಂಜೆ ಚನ್ನಗಿರಿ ಪೇಟೆಯಲ್ಲಿ ಫಕೀರರೊಬ್ಬರು ಅಂಗಡಿಯಿಂದ ಅಂಗಡಿಗೆ ಲೋಬಾನದ ಹೊಗೆ ಹಾಕಿಕೊಂಡು ಬರುತ್ತಾರೆ. ಅದೇ ಹೊತ್ತಿಗೆ ಕಾಫಿಪುಡಿ ಅಂಗಡಿಯವರು ಬೀಜ ಹುರಿಯುತ್ತಿದ್ದರೆ ಎರಡೂ ವಾಸನೆಗಳು ಬೀದಿಯ ನಡುವೆ ಕಲೆಯುತ್ತವೆ. ಸೊಪ್ಪಿನ ಚೀಲ ಹಿಡಿದ ನಾನು ಅಲ್ಲೇ ನಿಂತುಬಿಡುತ್ತೇನೆ. “ಯಾಕ್ರೀ, ಹಿಂಗೆ ನಡುರಸ್ತೇಲಿ ನಿಂತ್ರಿ?” ಎಂದು ಯಾರಾದರೂ ಕೇಳಿದರೆ ಮಂಡಿನೋವು ಎನ್ನುತ್ತೇನೆ. ಮಂಡಿನೋವೂ ಇದೆ, ಸುಳ್ಳಲ್ಲ. ಆದರೆ ಆ ಹೊಗೆ ನನ್ನನ್ನು ಕರೆದೊಯ್ಯುವುದು ಸಮುದ್ರದಾಚೆಯ ಒಂದು ಮಣ್ಣಿನ ಮನೆಗೆ. ಅಲ್ಲಿ ಹಸಿ ಹುಲ್ಲು ಹಾಸಿದ ನೆಲದ ಮೇಲೆ ಕೂತು ಒಬ್ಬ ಹೆಂಗಸು ಕಾಫಿ ಬೀಜ ಹುರಿಯುತ್ತಾ ಪಕ್ಕದ ಕೆಂಡಕ್ಕೆ ಧೂಪ ಹಾಕುತ್ತಿದ್ದಳು. ನಮ್ಮಲ್ಲಿ ಧೂಪ ದೇವರಿಗೆ ಮಾತ್ರ. ಆಕೆ ಮನೆಗೆ ಬಂದವರಿಗೂ ಹಾಕುತ್ತಿದ್ದಳು.

ನನ್ನಪ್ಪ ತ್ಯಾವಣಿಗೆಯವರು, ಗಣಿತದ ಮೇಷ್ಟ್ರು. ಆಗ ಇಥಿಯೋಪಿಯಾದ ಶಾಲೆಗಳಿಗೆ ನಮ್ಮ ದೇಶದ ಮೇಷ್ಟ್ರುಗಳನ್ನು ಕರೆಸಿಕೊಳ್ಳುತ್ತಿದ್ದರು. ನನಗೆ ಆರು ವರ್ಷವಾದಾಗ ಹೋದವರು ಹತ್ತಾಗುವವರೆಗೂ ಅಲ್ಲೇ ಇದ್ದೆವು. ಹೊರಟಾಗ ನೆಂಟರೆಲ್ಲ ‘ಫಾರಿನ್ ಮೇಷ್ಟ್ರು’ ಎಂದು ಅಪ್ಪನಿಗೆ ಹಾರ ಹಾಕಿದರು. ಹಾರದ ಹಿಂದೆಯೇ ಗಡಿಯಾರ, ಟೇಪ್‌ರೆಕಾರ್ಡರ್, ಸೆಂಟಿನ ಬಾಟ್ಲಿಗಳ ಪಟ್ಟಿಯೂ ಬಂತು. ಆರು ತಿಂಗಳಿಗೆ ಅಪ್ಪ ಒಂದು ಫೋಟೋ ಕಳಿಸಿದರು. ಹುಲ್ಲಿನ ಮನೆ, ಕತ್ತೆ, ಮಣ್ಣಿನ ದಾರಿ, ನಡುವೆ ನಗುತ್ತಾ ನಿಂತ ನಾವು ಮೂವರು. ಅಪ್ಪನ ಅಣ್ಣನ ಹೆಂಡತಿ, ನಮ್ಮ ದೊಡ್ಡವ್ವ, ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಫಾರಿನ್ನಾಗೂ ಹಳ್ಳಿ ಇರ್ತಾವೇನು? ಸಗಣಿ ಬಳಿಯೋ ಊರಿಗೆ ಹೋಗಾಕೆ ವಿಮಾನ ಬೇಕಿತ್ತೇನು ಇವ್ರಿಗೆ?” ಅಂದಳಂತೆ. ಆಕೆಯ ಲೋಕ ಅಷ್ಟೇ ಅಗಲ. ಪಕ್ಕದೂರು ಕೆರೆಬಿಳಚಿಯ ಆಚೆ ಮನುಷ್ಯರಿದ್ದಾರೆಂಬುದನ್ನು ಮದುವೆಯ ಕರೆಯೋಲೆ ಬಂದಾಗ ಮಾತ್ರ ನಂಬುತ್ತಿದ್ದ ಹೆಂಗಸು.

ಹೌದು, ಅದು ಹಳ್ಳಿಯೇ. ಬೆಳಿಗ್ಗೆ ಕತ್ತೆಗಳ ಮೇಲೆ ನೀರಿನ ಕೊಡ ಬರುತ್ತಿತ್ತು. ದಾರಿಯಲ್ಲಿ ಎದುರಾದವರು ಒಂದೇ ಸಲ ‘ಚೆನ್ನಾಗಿದ್ದೀರಾ’ ಎಂದು ಮುಗಿಸುತ್ತಿರಲಿಲ್ಲ. ನೀವು, ಮಕ್ಕಳು, ದನ, ಮಳೆ, ಎಲ್ಲವನ್ನೂ ವಿಚಾರಿಸಿ, ನಡುನಡುವೆ ತಲೆ ಬಾಗಿಸಿ, ಆಮೇಲೆ ಮುಂದೆ ಹೋಗುತ್ತಿದ್ದರು. ಮಳೆಗಾಲ ಮುಗಿದ ಕೂಡಲೇ ಗುಡ್ಡದ ಮೇಲೆಲ್ಲ ಗುರೆಳ್ಳಿನ ಹಳದಿ ಹೂ. ಅದನ್ನು ಮೊದಲು ಕಂಡ ದಿನ ಅವ್ವ ಹೊಲದ ಬದುವಿನಲ್ಲೇ ಕೂತುಬಿಟ್ಟಳು. “ನೋಡೇ, ಶಿವ ನಮಗಿಂತ ಮುಂಚೆ ಬಂದು ಗುರೆಳ್ಳು ಬಿತ್ತ್ಯಾನೆ” ಅಂದಳು.

ಪಕ್ಕದ ಮನೆಯ ಅಲ್ಮಾಜ್ ಆ ಗುರೆಳ್ಳಿನ ಎಣ್ಣೆಯಲ್ಲೇ ಅಡುಗೆ ಮಾಡುತ್ತಿದ್ದಳು. ನಾನು ಆಕೆಯನ್ನು ಅಲ್ಮಾಜಕ್ಕ ಎಂದು ಕರೆಯುತ್ತಿದ್ದೆ; ಆಕೆ ಅವ್ವನನ್ನು ತಂಗಿ ಎನ್ನುತ್ತಿದ್ದಳು. ಅವರು ಕ್ರೈಸ್ತರು, ಮಾಂಸ ತಿನ್ನುವವರು; ನಾವು ಲಿಂಗ ಕಟ್ಟಿದವರು. ಆದರೆ ಬುಧವಾರ, ಶುಕ್ರವಾರ ಅವರಿಗೆ ಉಪವಾಸದ ದಿನ. ಆ ದಿನ ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲೂ ಇಲ್ಲ. ಅವ್ವ ನೋಡಿ ನೋಡಿ ಲೆಕ್ಕ ಹಿಡಿದಳು. ವಾರದಲ್ಲಿ ಎರಡು ದಿನ ಅಲ್ಮಾಜಕ್ಕನ ಮನೆಯ ಊಟ ನಮ್ಮ ಮನೆಯದಕ್ಕಿಂತಲೂ ಕಟ್ಟುನಿಟ್ಟು. ನಮಗಾಗಿಯೇ ಆಕೆ ಮಾಂಸ ಮುಟ್ಟದ ಒಂದು ಮಣ್ಣಿನ ಗಡಿಗೆಯನ್ನು ಬೇರೆ ತೆಗೆದಿಟ್ಟಳು. ಮೊರದಗಲದ ಹುಳಿ ದೋಸೆಯಂಥ ರೊಟ್ಟಿ, ಮೇಲೆ ಖಾರದ ಬೇಳೆ, ಕೋಸಿನ ಪಲ್ಯ, ಸುತ್ತ ಕೂತು ಎಲ್ಲರೂ ಒಂದೇ ತಟ್ಟೆಯಲ್ಲಿ ಉಣ್ಣುವುದು. ಅವ್ವ ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಆಕೆ ಬಂದರೆ ಹೊಸಿಲ ಹೊರಗೇ ನಿಂತು ಕಾಯುತ್ತಿದ್ದಳು, ಯಾರೂ ಹೇಳಿಕೊಟ್ಟದ್ದಲ್ಲ. ಒಂದು ದಿನ ತನ್ನ ಕೊರಳಿನ ಕಪ್ಪು ದಾರವನ್ನು ಎಳೆದು ಅದರಲ್ಲಿದ್ದ ಶಿಲುಬೆಯನ್ನು ತೋರಿಸಿದಳು. ಅವ್ವ ಸೆರಗಿನೊಳಗಿಂದ ಶಿವದಾರ ಎಳೆದು ಲಿಂಗವಿದ್ದ ಬೆಳ್ಳಿಯ ಕರಡಿಗೆ ತೋರಿಸಿದಳು. ಇಬ್ಬರೂ ನಕ್ಕು ಮತ್ತೆ ಒಳಗೆ ಸೇರಿಸಿಕೊಂಡರು.

ಆ ಸೀಮೆಯಲ್ಲಿ ಬೇಕಾದವರಿಗೆ ಮೊದಲ ತುತ್ತನ್ನು ಕೈಯಾರೆ ಬಾಯಿಗಿಡುವುದು ರೂಢಿ. ನಮ್ಮಿಂದ ಕಲಿತ ಮಾತಿನಲ್ಲಿ “ಉಣ್ಣು, ಉಣ್ಣು” ಎನ್ನುತ್ತಾ ಅಲ್ಮಾಜಕ್ಕ ಮೊದಲ ಸಲ ಅವ್ವನ ಬಾಯಿಗೆ ತುತ್ತಿಟ್ಟಾಗ ಅವ್ವನ ಕಣ್ಣಲ್ಲಿ ನೀರು ಬಂತು. ಖಾರ ಅಂದಳು. ನನಗೆ ಈಗ ಗೊತ್ತಾಗುತ್ತದೆ. ತ್ಯಾವಣಿಗೆಯ ಆ ತುಂಬಿದ ಮನೆಗೆ ಸೊಸೆಯಾಗಿ ಬಂದ ಮೇಲೆ ಅವ್ವ ಎಲ್ಲರ ಊಟವಾದ ಮೇಲೆ ತಳ ಕೆರೆದು ಉಂಡವಳು. ‘ಉಂಡೆಯಾ’ ಎಂದು ಕೇಳಿದವರೂ ಇರಲಿಲ್ಲ.

ನಾಲ್ಕು ವರ್ಷ ಮುಗಿಸಿ ತಿರುಗಿ ಬಂದ ದಿನ, ಟ್ರಂಕಿನಲ್ಲಿ ಟೇಪ್‌ರೆಕಾರ್ಡರ್ ಇಲ್ಲವೆಂದು ಗೊತ್ತಾದ ಮೇಲೆ, ದೊಡ್ಡವ್ವನಿಗೆ ನಮ್ಮ ಆಚಾರದ ಚಿಂತೆ ಶುರುವಾಯಿತು. ಜಾತಿಯಿಲ್ಲವೆನ್ನುವ ವಚನಗಳನ್ನು ಕಣ್ಣುಮುಚ್ಚಿ ಹಾಡುತ್ತಿದ್ದವಳು ಆಕೆ. ಆಳಿನ ತಟ್ಟೆಯನ್ನು ಕೊಟ್ಟಿಗೆಯ ಸೂರಿಗೆ ಸಿಕ್ಕಿಸುತ್ತಿದ್ದವಳೂ ಆಕೆಯೇ. ನಡುಮನೆಯಲ್ಲಿ ಎಲ್ಲರೆದುರು ಅವ್ವನನ್ನು ನಿಲ್ಲಿಸಿ, “ಅವ್ರ ಮನ್ಯಾಗೆ ಏನಾರ ಉಂಡಿದ್ರೆ ಈಗ್ಲೇ ಹೇಳಿಬಿಡು. ಅಯ್ನೋರನ್ನ ಕರೆಸಿ ಶುದ್ಧ ಮಾಡಿಸಾಣ, ಆಮೇಲೆ ಒಲೆ ಮುಟ್ಟುವಂತೆ” ಅಂದಳು.

ಅವ್ವ ಸೆರಗು ಸರಿಮಾಡಿಕೊಂಡು, “ಇಲ್ಲಕ್ಕ. ನೀರೂ ಮುಟ್ಟಿಲ್ಲ” ಅಂದಳು.

“ನಿನ್ನ ಮಾತು ಇರ್ಲಿ. ಕೂಸೇ, ಲಿಂಗ ಮುಟ್ಟಿ ನೀನು ಹೇಳು.”

ನಾನು ಲಿಂಗ ಮುಟ್ಟಿ ಇಲ್ಲವೆಂದೆ. ಅವ್ವನನ್ನು ಉಳಿಸಲು ಅಷ್ಟೇ ಸಾಕಿತ್ತು. ನಾನು ಅಲ್ಲಿಗೆ ನಿಲ್ಲಿಸಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಅದು ಹಿತವಾಗಿತ್ತು. ಮೂಗು ಹಿಡಿದುಕೊಂಡು, “ಆಕಿ ಹತ್ರ ಹೋದ್ರೆ ನಾತ ಬರ್ತಿತ್ತು, ಉಣ್ಣೋದೆಲ್ಲಿಂದ” ಅಂದೆ. ಮನೆಯೆಲ್ಲ ಗೊಳ್ಳೆಂದು ನಕ್ಕಿತು. “ನಮ್ಮನೆ ರಕ್ತ” ಎಂದು ದೊಡ್ಡವ್ವ ನನ್ನ ಬಾಯಿಗೆ ಬೆಲ್ಲ ಹಾಕಿದಳು. ಅವ್ವನೂ ನಕ್ಕಳು. ದೊಡ್ಡವ್ವನನ್ನು ನಾನು ಹೀಗಳೆಯುವುದು ಸುಲಭ. ಬೆಲ್ಲ ಚೀಪಿದವಳು ನಾನು.

ಮುಂದೆ ಅಲ್ಮಾಜಕ್ಕ ಯಾರ ಕೈಯಲ್ಲೋ ಇಂಗ್ಲಿಷಿನಲ್ಲಿ ಬರೆಸಿದ ಕಾಗದ ಬಂತು. ಹುಡುಗಿ ಎಷ್ಟೆತ್ತರ ಆಗಿದ್ದಾಳೆ ಎಂದು ಕೇಳಿದ್ದಳು. ಅಪ್ಪ ಓದಿ ಹೇಳಿದರು. “ಉತ್ರ ಬರೀಲೇನು?” ಎಂದರು. ಅವ್ವ ದೊಡ್ಡವ್ವನ ಕೋಣೆಯ ಕಡೆ ನೋಡಿ ಕಾಗದ ಮಡಿಸಿ ಟ್ರಂಕಿನೊಳಗಿಟ್ಟಳು. ಉತ್ತರ ಹೋಗಲಿಲ್ಲ. ಆಮೇಲೆ ಅವ್ವ ತೀರಿಹೋಗುವವರೆಗೂ ಆ ಹೆಸರನ್ನು ನಾವಿಬ್ಬರೂ ಎತ್ತಲಿಲ್ಲ.

ಮೊನ್ನೆ ಸೋಮವಾರದ ಭಜನೆ ಮುಗಿದ ಮೇಲೆ ಒಬ್ಬಾಕೆ ದುಬೈಗೆ ಹೋಗಿಬಂದ ಫೋಟೋ ತೋರಿಸುತ್ತಿದ್ದಳು. “ಫಾರಿನ್ ಅಂದ್ರೆ ಇದು ನೋಡ್ರಿ, ನೆಲದಾಗೆ ಮುಖ ಕಾಣ್ತೈತೆ.” ಐದು ದಿನ ಹೋಟೆಲಿನಲ್ಲಿದ್ದು ಯಾರ ಮನೆಯ ಹೊಸಿಲನ್ನೂ ಕಾಣದೆ ಬಂದವಳು. ನನಗೇನಾಯಿತೋ, ಎಲ್ಲವನ್ನೂ ಹೇಳಿಬಿಟ್ಟೆ. ಗಡಿಗೆ, ತುತ್ತು, ಲಿಂಗ ಮುಟ್ಟಿ ಆಡಿದ ಸುಳ್ಳು, ಮೂಗು ಹಿಡಿದದ್ದು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ದುಬೈನಾಕೆ ನನ್ನ ಕೈ ತಟ್ಟಿ, “ಬಿಡ್ರೀ ಅತ್ಲಾಗೆ. ಸಣ್ಣೋರಿದ್ರಿ, ಏನ್ ತಿಳೀತಿತ್ತು. ಉಂಡಿದ್ದು ಯಾವಾಗ್ಲೋ ಅರಗಿ ಹೋಗೈತೆ” ಅಂದಳು.

ಉಂಡದ್ದಕ್ಕೆ ನನ್ನನ್ನು ಕ್ಷಮಿಸಿದರು. ಮತ್ತೆ ಚಹಾ ಬಂತು, ಮಾತು ಅಡಿಕೆ ರೇಟಿಗೆ ಹೋಯಿತು.

ಅಲ್ಮಾಜಕ್ಕ ಈಗ ಇರಲಿಕ್ಕಿಲ್ಲ. ನಾನು ನಡುಮನೆಯಲ್ಲಿ ಆ ಮಾತಾಡಿದ ಹೊತ್ತಿಗೆ ಆಕೆ ತನ್ನ ಊರಿನ ದಾರಿಯಲ್ಲಿ ಯಾರಿಗೋ ತಲೆ ಬಾಗಿಸುತ್ತಾ, ತನ್ನ ತಂಗಿ, ತಂಗಿಯ ಮಗಳು ಸುಖವಾಗಿ ಮನೆ ಮುಟ್ಟಿದರೆಂದು ಹೇಳುತ್ತಿದ್ದಿರಬೇಕು. ನಡುವೆ ಒಂದು ಸಮುದ್ರವಿತ್ತು, ನನ್ನ ಮಾತು ಆಕೆಗೆ ಕೇಳಿಸಲಿಲ್ಲ. ಶಿವ ಅಷ್ಟಾದರೂ ಮಾಡಿದ.