ಅಕ್ಕನ ಬೆನ್ನುಮೂಳೆ

ಬೆಳಿಗ್ಗೆ ಬೀರು ಜೋಡಿಸಲು ಕೂತಿದ್ದೆ. ಸೀರೆಗಳ ಕೆಳಗಿನಿಂದ ಅಕ್ಕನ ಸೊಂಟದ ಬೆಲ್ಟ್ ಹೊರಬಂತು, ನೋವಿನ ಮುಲಾಮಿನ ವಾಸನೆಯ ಸಮೇತ. ಯಾರಿಗಾದರೂ ಕೊಡೋಣವೆಂದರೆ ಮನಸ್ಸಿಲ್ಲ, ಇಟ್ಟುಕೊಳ್ಳೋಣವೆಂದರೆ ಯಾತಕ್ಕೆ?

ಗಿರಿನಗರದ ಈ ಮನೆಯಲ್ಲಿ ನಾವಿಬ್ಬರೇ ಇದ್ದದ್ದು. ಅವತ್ತು ಮಡಿವಾಳದ ನೆಂಟರ ಮನೆಯಿಂದ ಬರುವಾಗ ಅಕ್ಕ ಸಿಟಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತಿದ್ದಳು. ಹಂಪ್ ಬಂದಾಗ ಆ ಸೀಟು ಏನು ಮಾಡುತ್ತದೆಂದು ನಿಮಗೂ ಗೊತ್ತಿರುತ್ತದೆ. ಮೇಲಕ್ಕೆ ಹಾರಿ ಧೊಪ್ಪೆಂದು ಬಿದ್ದಳು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. "ನೋಡಿದ್ಯಾ, ನನ್ ಮೂಳೆ ಗಟ್ಟಿ" ಎಂದು ಬೀಗಿದಳು. ಎರಡು ತಿಂಗಳಲ್ಲಿ ಬೆನ್ನು ಬಾಗಿತು. ಅಂದು ನೆಟ್ಟಗೆ ಕಂಡ ಮೂಳೆ ಒಳಗೊಳಗೇ ಸತ್ತು, ತಡವಾಗಿ ಕುಸಿದಿದೆ ಎಂದರು ಡಾಕ್ಟರು.

ದಾರಿ ಎರಡು. ಸೂಜಿಯಿಂದ ಮೂಳೆಗೆ ಸಿಮೆಂಟ್ ತುಂಬುವುದು, ಒಂದು ಗಂಟೆ. ಇಲ್ಲವೇ ಬೆನ್ನು ಕೊಯ್ದು ಸ್ಕ್ರೂ, ರಾಡ್ ಹಾಕುವುದು, ಅರ್ಧ ದಿನ. ಸಿಮೆಂಟಾದರೆ ದಿನಾ ನೀರು ಹಾಕಬೇಕಾ ಎಂದು ಕೇಳುವವಳಿದ್ದೆ. ಸದ್ಯ, ಬಾಯಿ ಬಿಡಲಿಲ್ಲ.

ಕೊರಳಿನ ಇಷ್ಟಲಿಂಗವನ್ನು ಅಕ್ಕ ಸ್ನಾನದಲ್ಲೂ ತೆಗೆದವಳಲ್ಲ. ಅವಳು ಕೇಳಿದ್ದು ಒಂದೇ. "ಸಾರ್, ಲಿಂಗ ಎಷ್ಟು ಹೊತ್ತು ತೆಗೆದಿಡ್ಬೇಕು?"

"ಬೋರಲು ಮಲಗಿಸ್ತೀವಮ್ಮ. ಮುಗಿಯೋವರೆಗೂ ಎದೆ ಮೇಲೆ ಏನೂ ಇರಬಾರ್ದು."

"ಹಂಗಾದ್ರೆ ಸಿಮೆಂಟೇ."

"ಸ್ಕ್ಯಾನಲ್ಲಿ ನರ ಸ್ವಲ್ಪ ಒತ್ತಿದ ಹಾಗಿದೆ. ಕಾಲಲ್ಲಿ ಜೋಮು ಇದ್ರೆ ಸಿಮೆಂಟ್ ಸಾಲಲ್ಲ. ಇದೆಯಾ?"

"ಇಲ್ಲ ಸಾರ್."

ಇತ್ತು. ಹಿಂದಿನ ದಿನವೇ ಎಡಗಾಲಿನ ಚಪ್ಪಲಿ ಬೀದಿಯಲ್ಲಿ ಕಳಚಿ ಉಳಿದದ್ದು ಅವಳಿಗೆ ತಿಳಿದಿರಲಿಲ್ಲ. ನಾನು ಎತ್ತಿ ತಂದಿದ್ದೆ. ಅಕ್ಕ ನನ್ನತ್ತ ನೋಡಿದಳು. ನಾನು ಗೋಡೆಯತ್ತ ನೋಡಿದೆ. ಅವಳ ಮೈ, ಅವಳ ಲಿಂಗ, ನಾನ್ಯಾರು ಎಂದುಕೊಂಡೆನೋ, ದೊಡ್ಡ ಆಪರೇಷನ್ನಿಗೆ ನಾನೇ ಹೆದರಿದೆನೋ, ಇಂದಿಗೂ ತಿಳಿಯದು.

ಸಿಮೆಂಟ್ ತುಂಬುವ ದಿನ ಲಿಂಗವನ್ನು ನನ್ನ ಅಂಗೈಗಿತ್ತು, "ಕೆಳಗಿಡ್ಬೇಡ ಕಣೇ" ಎಂದಳು. ನನ್ನದನ್ನು ಎಂದೋ ದೇವರ ಗೂಡಿಗೆ ಸೇರಿಸಿದವಳು ನಾನು. ಕೂರಬಹುದೋ, ಕಾಫಿ ಕುಡಿಯಬಹುದೋ ಗೊತ್ತಾಗದೆ ನಿಂತೇ ಇದ್ದೆ. "ಕೂತ್ಕೊಳ್ಳಿ ಆಂಟಿ, ಫೈನ್ ಹಾಕಲ್ಲ" ಎಂದು ನರ್ಸು ನಕ್ಕಳು.

ಮೂರು ವಾರ ಅಕ್ಕ ನೆಟ್ಟಗೆ ನಡೆದಳು. ಆಮೇಲೆ ಕಾಲು ಸೋತವು. ಹಾಸಿಗೆ ಹಿಡಿದಳು, ಕಫ ಕಟ್ಟಿತು, ಜ್ವರ ಬಂತು. ಲಿಂಗದ ಜೊತೆಗೇ ಮಣ್ಣು ಮಾಡಿದೆವು.

ಇವತ್ತು ಆ ಬೆಲ್ಟನ್ನು ಮಂಚದ ಮೇಲೆ ಬಿಟ್ಟು, ಆಟೋ ಹಿಡಿದು ಜಯನಗರಕ್ಕೆ, ಅದೇ ಡಾಕ್ಟರ ಹತ್ತಿರ ಹೋದೆ.

"ಅಕ್ಕನ ಕಾಲಲ್ಲಿ ಜೋಮು ಇತ್ತು ಸಾರ್. ನನಗೂ ಗೊತ್ತಿತ್ತು."

ಅವರು ಕನ್ನಡಕ ತೆಗೆದರು. "ಹೇಳಿದ್ರೆ ಸ್ಕ್ರೂನೇ ಅಂತಿದ್ದೆ. ಆದ್ರೆ ಅವರ ಮೂಳೆ ಸ್ಕ್ರೂ ಹಿಡ್ಕೊಳ್ತಿತ್ತಾ? ಉಳೀತಿದ್ರಾ? ಅದು ನನಗೂ ಗೊತ್ತಿಲ್ಲಮ್ಮ."

ನನಗೆ ಬೈಗುಳ ಬೇಕಿತ್ತೋ, ಸಮಾಧಾನ ಬೇಕಿತ್ತೋ ತಿಳಿಯಲಿಲ್ಲ. ಎರಡೂ ಸಿಗಲಿಲ್ಲ. ಏಳಬೇಕೆಂದು ಗೊತ್ತಿತ್ತು, ಏಳಲಿಲ್ಲ. ಹೊರಗೆ ಜನ ಕಾಯುತ್ತಿದ್ದರು. ಮುಂದಿನವರನ್ನು ಕರೆಯಲು ಡಾಕ್ಟರು ಬೆಲ್ಲಿನತ್ತ ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡರು.