ಮಲಗಿದ ಗಸಗಸೆ ಗಿಡಕ್ಕೆ ಹೊಯ್ದ ನೀರು

ಬೀದಿ ತಿರುಗುವಲ್ಲಿ, ಮೂವರು ನಿಂತರೆ ನಾಲ್ಕನೆಯವನಿಗೆ ಉಸಿರಾಡಲು ಜಾಗವಿಲ್ಲದ ಅಂಗಡಿಯೊಂದರಲ್ಲಿ ಗಡಿಯಾರ ರಿಪೇರಿಯವನಿದ್ದ. ಮಾತು ಕಡಿಮೆ, ಕೈ ಚುರುಕು. ನಿಂತುಹೋದ ಗಡಿಯಾರ ಯಾರು ತಂದರೂ ಅವನದು ಒಂದೇ ಪಾಠ: ಬಿಚ್ಚು, ತೊಳೆ, ಕೊಳೆ ಕೆರೆ, ಮತ್ತೆ ಜೋಡಿಸು. ನಿಂತದ್ದೆಂದರೆ ಕೆಟ್ಟದ್ದು, ಕೆಟ್ಟದ್ದಕ್ಕೆ ಕೈ ಹಾಕದೆ ಬಿಟ್ಟರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಮನೆಯ ಹಿಂದಿನ ಅಂಗೈಯಗಲದ ಹಿತ್ತಲು ಮಾತ್ರ ಹೆಂಡತಿಯ ರಾಜ್ಯ. ಅಲ್ಲಿ ಡೇಸಿ, ಸೇವಂತಿಗೆ, ಗೋಡೆಯ ಬುಡಕ್ಕೆ ಏಳು ಗಸಗಸೆ ಗಿಡ. ಅಡುಗೆಗೆ ಬರುವುದಲ್ಲ, ಬರೀ ಹೂವಿನ ಜಾತಿ. ವರ್ಷವರ್ಷವೂ ಅದೇ ಬೇರಿನಿಂದ ಎದ್ದು, ಇಸ್ತ್ರಿ ಕಾಣದ ಕೆಂಪು ರೇಷ್ಮೆಯಂಥ ಹೂ ಬಿಡುವಂಥದ್ದು. ಚಳಿಗಾಲದಲ್ಲಿ ಅವಳು ಎರಡೇ ವಾರದ ಜ್ವರಕ್ಕೆ ತೀರಿಕೊಂಡಳು. ವಸಂತದಲ್ಲಿ ಏಳೂ ಗಿಡ ಹೂಬಿಟ್ಟವು. ಅವನು ಅಂಗಡಿ ಬಾಗಿಲನ್ನು ತಡವಾಗಿ ತೆಗೆಯತೊಡಗಿದ. ಚಹಾ ಲೋಟ ಹಿಡಿದು ಆ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತರೆ, ಚಹಾ ತಣ್ಣಗಾಗುವ ತನಕ ಏಳುತ್ತಿರಲಿಲ್ಲ. ಇವಿಷ್ಟನ್ನು ಉಳಿಸಿಕೊಂಡರೆ ಸಾಕು, ಅವಳು ಪೂರ್ತಿ ಹೋದಂತಲ್ಲ ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದ.

ಹೂ ಉದುರಿತು. ಬಿಸಿಲು ಏರಿತು. ಎಲೆಗಳು ಹಳದಿಯಾಗಿ, ಕಂದಾಗಿ ನೆಲಕ್ಕೆ ಅಂಟಿಕೊಂಡವು. ಗಿಡ ಸಾಯುತ್ತಿದೆ ಅಂದುಕೊಂಡು ಅವನು ದಿನಕ್ಕೆ ಎರಡು ಹೊತ್ತು ನೀರು ಹೊಯ್ದ. ಆದರೂ ಎಲೆಗಳು ಮಾಯ. ಆಗ ತನಗೆ ಗೊತ್ತಿದ್ದ ಒಂದೇ ವಿದ್ಯೆಗೆ ಇಳಿದ. ಒಂದೊಂದೇ ಗಿಡ ಅಗೆದು, ಬೇರನ್ನು ಬೋಗುಣಿಯಲ್ಲಿ ತೊಳೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಕೂದಲಿನಂಥ ಎಳೆಬೇರುಗಳನ್ನೆಲ್ಲ ಕಸವೆಂದು ಕತ್ತರಿಸಿ, ಮತ್ತೆ ನೆಟ್ಟು, ಮತ್ತಷ್ಟು ನೀರು ಹೊಯ್ದ.

ಹೆಂಡತಿಯ ತಂಗಿ ನೋಡಲು ಬಂದಾಗ ಹಿತ್ತಲು ಕೆಸರುಗದ್ದೆ.

"ಏನ್ ಭಾವ, ಮೀನು ಸಾಕೋ ಯೋಚನೆ ಏನಾದ್ರೂ ಇದೆಯಾ?"

"ನಗಬೇಡ. ಗಿಡಗಳು ನಿಂತುಹೋಗಿವೆ. ರಿಪೇರಿ ಮಾಡ್ತಿದ್ದೀನಿ."

ಅವಳು ಕೂತು ಮಣ್ಣಿಗೆ ಬೆರಳಿಟ್ಟಳು. ಬೆರಳಿಗೆ ಹತ್ತಿದ್ದು ಕಪ್ಪು ಲೋಳೆ. ನಗು ಅಲ್ಲೇ ಬತ್ತಿತು. ಒಂದಾದ ಮೇಲೊಂದು ಏಳನ್ನೂ ಕೆದಕಿ ನೋಡಿದಳು. ಏಳೂ ಕೊಳೆತಿದ್ದವು.

"ಇದು ಬೇಸಿಗೇಲಿ ಮಲಗೋ ಗಿಡ ಭಾವ. ಎಲೆ ಒಣಗಿಸ್ಕೊಂಡು ಮಲಗುತ್ತೆ, ತಂಪು ಬಿದ್ದಾಗ ತಾನೇ ಏಳುತ್ತೆ. ಮಲಗಿದ್ದವರ ಬಾಯಿಗೆ ಯಾರಾದ್ರೂ ಕೊಡಗಟ್ಟಲೆ ನೀರು ಸುರೀತಾರಾ?"

"ನನಗೆ ಯಾರು ಹೇಳಿದ್ರು?"

"ಯಾಕೆ, ಅಕ್ಕ ಹೇಳಿರ್ಲಿಲ್ವಾ?"

ಹೇಳಿದ್ದಳು. ಪ್ರತಿ ಬೇಸಿಗೆಯಲ್ಲೂ ಹೇಳಿದ್ದಳು. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಗಡಿಯಾರದ ಹೊಟ್ಟೆ ಬಗೆಯುತ್ತಿರುವಾಗ, ಬಾಗಿಲಿಗೆ ಒರಗಿ, "ರೀ, ಗಸಗಸೆ ಮಲಗಿತು ನೋಡಿ. ಇನ್ನು ಅದಕ್ಕೆ ನೀರಿನ ಕೆಲಸ ಇಲ್ಲ, ನನಗೂ ರಜ" ಅನ್ನುತ್ತಿದ್ದಳು. ಅವನು ತಲೆಯೆತ್ತದೆ ಹೂಂಗುಟ್ಟುತ್ತಿದ್ದ. ಅಷ್ಟು ವರ್ಷ ಕಿವಿಯ ಹೊರಗೇ ನಿಂತಿದ್ದ ಮಾತು ಈಗ ಒಳಗೆ ಬಂತು.

"ಹೇಳಿದ್ಲು ಕಣೇ," ಅಂದ. "ನಾನೇ ಕೇಳಿಸ್ಕೊಳ್ಳಲಿಲ್ಲ."

ಬೈಯಲು ಸಿದ್ಧವಾಗಿದ್ದವಳು ಎದ್ದು ಹೋಗಿ ಕೈ ತೊಳೆದುಕೊಂಡಳು.

ತಂಪು ಬಿದ್ದ ಮೇಲೆ ತನ್ನ ಮನೆಯಿಂದ ಒಂದು ಗಿಡವನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದಳು. ಎಂದೋ ಅಕ್ಕನೇ ಕಿತ್ತುಕೊಟ್ಟಿದ್ದ ಬೇರಿನದು. ಅವನು ಹೊಸ್ತಿಲು ಬಿಟ್ಟು ಇಳಿಯಲಿಲ್ಲ.

"ಬನ್ನಿ ಭಾವ, ಒಂದು ಹಿಡಿ ಮಣ್ಣು ಎಳೀರಿ."

"ನನ್ನ ಕೈ ಬೇಡ, ನೀನೇ ನೆಡು." ಅವಳು ಗುಂಡಿ ತೋಡಿ ಗಿಡ ಇಳಿಸುವಾಗ ಮತ್ತೆ ಅವನೇ ಅಂದ: "ಬೇಸಿಗೇಲಿ ಅದು ಮಲಗಿದಾಗ ಬಂದು ನಾಲ್ಕು ದಿನ ಇದ್ದು ಹೋಗ್ತೀಯಾ? ಒಬ್ಬನೇ ಇದ್ರೆ ಮತ್ತೆ ಅಗೆದುಬಿಡ್ತೀನಿ."

ಅವಳು ಮಣ್ಣು ಒತ್ತುತ್ತಲೇ ಇದ್ದಳು, ಮುಖ ತೋರಿಸಲಿಲ್ಲ. "ಬರ್ತೀನಿ" ಅಂದಳು.