ಅತಿಥಿಗಳೆದುರು ಅವ್ವ

ಆಗ ನಾವು ಮುಂಬೈನ ದಹಿಸರ್‌ನ ಚಾಳಿನಲ್ಲಿದ್ದೆವು. ವಾರವಿಡೀ ಚಾಳಿನ ಗಲ್ಲಿ ಯಾರದೋ ಆಗಿರುತ್ತಿತ್ತು, ಭಾನುವಾರ ಮಾತ್ರ ನಮ್ಮದು. ಗದಗ, ಬೆಟಗೇರಿ ಕಡೆಯಿಂದ ಗಾರೆ ಕೆಲಸಕ್ಕೋ ಮನೆಗೆಲಸಕ್ಕೋ ಬಂದಿದ್ದ ಕ್ರೈಸ್ತ ಕುಟುಂಬಗಳೆಲ್ಲ ಗಲ್ಲಿಯ ಕೊನೆಯ ತಗಡಿನ ಶೆಡ್ಡಿನಲ್ಲಿ ಸೇರುತ್ತಿದ್ದವು. ಅದೇ ನಮ್ಮ ಚರ್ಚು. ಗೋರೆಗಾಂವ್‌ನಿಂದಲೂ ಲೋಕಲ್ ಹಿಡಿದು ಬರುವವರಿದ್ದರು. ಒಳಗೆ ಕಾದ ತಗಡಿನ ವಾಸನೆ, ಕೊಬ್ಬರಿ ಎಣ್ಣೆ ಹಚ್ಚಿದ ಹೆಂಗಸರ ತಲೆಗಳ ವಾಸನೆ. ಅಪ್ಪ ಡೋಲಕ್ ಬಾರಿಸುತ್ತಿದ್ದ. ಅವ್ವ ಹಾಡಿನ ಮೊದಲ ಸಾಲು ಎತ್ತಿಕೊಡುತ್ತಿದ್ದಳು. ಅವಳ ದನಿ ಕೇಳಿದ್ದೇ ಹೊರಗೆ ಲಂಗ್ಡಿ ಆಡುತ್ತಿದ್ದ ನಾವು ಒಂಟಿಕಾಲಲ್ಲೇ ಕುಂಟುತ್ತ ಒಳಗೆ ನುಗ್ಗುತ್ತಿದ್ದೆವು.

ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ವಿದೇಶದಿಂದ ಮಿಷನ್ ತಂಡವೊಂದು ನಮ್ಮನ್ನು ನೋಡಲು ಬಂತು. ಮಳೆಗಾಲದಲ್ಲಿ ಶೆಡ್ಡು ಸೋರಿ ಬೈಬಲ್ಲುಗಳೆಲ್ಲ ಒದ್ದೆಯಾಗುತ್ತಿದ್ದವು. ಅವರ ನೆರವಿನಿಂದ ಸ್ಲ್ಯಾಬ್ ಹಾಕಿಸಬಹುದೆಂಬ ಆಸೆ ಪಾಸ್ಟರಿಗೆ. ಹೆಂಗಸರು ಫಿನೈಲ್ ಹಾಕಿ ನೆಲ ತಿಕ್ಕಿದರು. ಅವ್ವ ನಸುಕಿನಲ್ಲೆದ್ದು ಜೋಳದ ರೊಟ್ಟಿ ಬಡಿದಳು.

ತಂಡದಲ್ಲಿ ಬೆಳ್ಳಿಗೂದಲಿನ ಒಬ್ಬ ಹೆಂಗಸು ಇದ್ದಳು. ನಮ್ಮ ಜೊತೆ ಚಾಪೆಯ ಮೇಲೆ ಕೂತಳು, ಅವ್ವನ ಹಾಡಿಗೆ ಎದ್ದು ಕುಣಿದಳು. ಶೇಂಗಾ ಚಟ್ನಿ ಖಾರವಾಗಿ ಕಣ್ಣೀರು ಸುರಿದರೂ ನಗುನಗುತ್ತ ಇನ್ನೊಂದು ರೊಟ್ಟಿ ಕೇಳಿದಳು. ನಮಗೆಲ್ಲ ಅವಳ ಮೇಲೆ ಪ್ರೀತಿ ಬಂದುಬಿಟ್ಟಿತು.

ಊಟದ ನಂತರ ಅವಳು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಪಾಸ್ಟರನ್ನು ಏನೋ ಕೇಳಿದಳು. ಅವರು ಹೇಳಿದ್ದು ನನಗೂ ತಿಳಿಯಿತು.

"ನೋ ಫಾದರ್, ನೋ ಮದರ್."

ಪಾಸ್ಟರು ತಪ್ಪಿ ಹೇಳಿದರೆಂದು ನನಗೆ ನಗು ಬಂತು. ರೊಟ್ಟಿ ಬುಟ್ಟಿ ಹಿಡಿದು ನಿಂತಿದ್ದ ಅವ್ವನತ್ತ ಕೈ ಮಾಡಿ "ಮೈ ಮದರ್!" ಎಂದೆ.

ಪಾಸ್ಟರು ಗಡಬಡಿಸಿ ಎದ್ದರು. ಅವ್ವನ ಹತ್ತಿರ ಹೋಗಿ ಕನ್ನಡದಲ್ಲಿ, "ಶಾಂತವ್ವಾ, ಅಲ್ಲಂತ ಹೇಳಿಬಿಡವಾ. ಇಲ್ಲಿ ಮಕ್ಕಳೆಲ್ಲಾ ಅನಾಥರು, ಚರ್ಚಿನಿಂದ ಸಾಕಾಕತ್ತೀವಿ ಅಂತ ಅವ್ರಿಗೆ ಹೇಳೀನಿ. ಈಗ ಸುಳ್ಳಾದ್ರ ಸ್ಲ್ಯಾಬ್ ಆಗೂದಿಲ್ಲ" ಎಂದರು.

"ಹಡದ ಮಗಳನ್ನ ನನ್ನಾಕಿ ಅಲ್ಲ ಅನ್ಲೇನ್ರಿ?"

"ದೇವರ ಕೆಲಸಕ್ಕವಾ."

ಬೆಳ್ಳಿಗೂದಲಿನವಳು ಅವ್ವನನ್ನೇ ನೇರವಾಗಿ ಕೇಳಿದಳು: "ಯುವರ್ ಡಾಟರ್?"

ಅವ್ವ ಅಪ್ಪನ ಕಡೆ ನೋಡಿದಳು. ಅಪ್ಪ ತಲೆ ಎತ್ತಲಿಲ್ಲ. ಶೆಡ್ಡಿನಲ್ಲಿದ್ದ ಇನ್ನುಳಿದ ತಾಯಂದಿರೂ ಬಾಯಿ ಬಿಡಲಿಲ್ಲ. ಕೊನೆಗೆ ಅವ್ವ ತನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ "ನೋ" ಎಂದಳು.

ಆ ಹೆಂಗಸು ನನ್ನನ್ನು ಎದೆಗವಚಿಕೊಂಡು ಅತ್ತುಬಿಟ್ಟಳು. ನಾನು ಕೊಸರಾಡುತ್ತ "ಅವ್ವಾ! ಅವ್ವಾ!" ಎಂದು ಚೀರಿದೆ. ಪಾಸ್ಟರು ನಕ್ಕು ಇಂಗ್ಲಿಷಿನಲ್ಲಿ ಏನೋ ಸಮಜಾಯಿಷಿ ಕೊಟ್ಟರು. ನಮ್ಮ ಕಡೆ ಮಕ್ಕಳು ಎಲ್ಲ ಹೆಂಗಸರನ್ನೂ ಹಾಗೇ ಕರೆಯುತ್ತವೆ ಎಂದರಂತೆ. ಚರ್ಚಿನ ದೊಡ್ಡ ಹುಡುಗಿಯರು ಆಮೇಲೆ ಹೇಳಿದರು.

ಮನೆಗೆ ಬಂದು ಅಪ್ಪ, "ಎಲ್ಲಾರಿಗೂ ಚಲೋ ಆಗೂದೈತಿ, ಮನಸ್ಸಿಗೆ ಹಚ್ಕೋಬ್ಯಾಡ" ಎಂದ.

"ನಾ ನಿಮ್ಮ ಮಾರಿ ನೋಡಿದ್ನಿ. ನೀವು ಡೋಲಕ್ ನೋಡ್ತಿದ್ರಿ" ಎಂದಳು ಅವ್ವ. ಆ ಮಾತನ್ನು ಅವಳು ಮತ್ತೆಂದೂ ಎತ್ತಲಿಲ್ಲ.

ಮುಂದಿನ ಭಾನುವಾರ ಎಲ್ಲರೂ ಅವಳ ಮೊದಲ ಸಾಲಿಗೆ ಕಾದರು. ಅವ್ವ ಬಾಯಿ ತೆರೆದಳು, ದನಿ ಹೊರಡಲಿಲ್ಲ. ಬೇರೆ ಯಾರೋ ಹಾಡು ಎತ್ತಿದರು, ರಾಗ ಎಲ್ಲೆಲ್ಲೋ ಹೋಯಿತು. ಶೆಡ್ಡಿಗೆ ಸ್ಲ್ಯಾಬ್ ಹಾಕಿಸಿದರು. ಸೋರುವುದು ನಿಂತಿತು. ಆದರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡದೆ ಪ್ರಾರ್ಥನೆ ಮುಗಿಸಿ ಹೊರಡತೊಡಗಿದರು. ಗೋರೆಗಾಂವ್‌ನವರು ಬರುವುದನ್ನೇ ಬಿಟ್ಟರು. ಈಗ ಅಲ್ಲಿ ಕನ್ನಡದ ಆರಾಧನೆಯೇ ಇಲ್ಲ.

ಬೆಳ್ಳಿಗೂದಲಿನವಳು ಕೆಟ್ಟವಳಲ್ಲ. ಬದುಕಿದ್ದರೆ ದಹಿಸರ್‌ನ ತಬ್ಬಲಿ ಹುಡುಗಿಗಾಗಿ ಇವತ್ತಿಗೂ ಪ್ರಾರ್ಥಿಸುತ್ತಿರಬಹುದು. ಅಪ್ಪ ತೀರಿಕೊಂಡ ಮೇಲೆ ಅವ್ವ ಬೊರಿವಲಿಯಲ್ಲಿ ನನ್ನೊಂದಿಗಿದ್ದಾಳೆ. ಅಡುಗೆ ಮಾಡುತ್ತಾಳೆ, ಬಿಲ್ಡಿಂಗಿನವರ ಜೊತೆ ಹರಟುತ್ತಾಳೆ. ಆದರೆ ಹೊಸಬರು ಯಾರಾದರೂ ನನ್ನನ್ನು ತೋರಿಸಿ ಇವರು ಯಾರು ಎಂದು ಕೇಳಿದರೆ, ಅವಳು ನನ್ನ ಹೆಸರನ್ನಷ್ಟೇ ಹೇಳುತ್ತಾಳೆ.